ನಿಷ್ಕರುಣ ನಿರ್ಣಯ: ಬೆಂಗಳೂರು ಗ್ರಾಮಾಂತರ ಕಾಂಡ

ಮಂಗಳಾಚರಣೆ

ವಿಘ್ನವನ್ನು ನಿವಾರಿಸುವ ಗಣಪತಿಗೆ ಮೊದಲ ನಮಸ್ಕಾರ. ವಿಘ್ನವನ್ನು ತಾವೇ ಒಡ್ಡಿ, ಶುಲ್ಕ ಪಡೆದು, ತಾವೇ ನಿವಾರಿಸುವ, ಸಬ್‌ರಿಜಿಸ್ಟ್ರಾರ್ ಕಚೇರಿಗಳೆದುರಿನ ಹೊಂಗೆ ಮರದಡಿ ನೆಲೆಸಿರುವ ಮಧ್ಯವರ್ತಿ ದೇವತೆಗಳಿಗೆ ಎರಡನೆಯದು. ಗುರುಹಿರಿಯರಿಗೆ, ಅಂದರೆ ನಮ್ಮ ಅಪ್ರೈಸಲ್ ಫಾರಂ ತುಂಬುವವರಿಗೆ, ಮೂರನೆಯದು.

ಶಾಸ್ತ್ರಗ್ರಂಥಕ್ಕೆ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕು ಅನುಬಂಧಗಳು ಬೇಕು. ವಿಷಯ: ಅಂತಃಕರಣವೇ ಇಲ್ಲದಿದ್ದರೂ ನಿದ್ದೆ, ಹಸಿವು, ಬಡ್ತಿ ಯಾವುದಕ್ಕೂ ಕೊರತೆಯಿಲ್ಲದ ಮನುಷ್ಯ, ಪಶ್ಚಿಮದ ಪಂಡಿತರು ಇವನನ್ನು ಸೈಕೋಪಾತ್ ಎನ್ನುತ್ತಾರೆ. ಪ್ರಯೋಜನ: ಸೈಟಿಗೆ ಅಡ್ವಾನ್ಸ್ ಕೊಡುವ ಮೊದಲು ಒಂದು ಗಳಿಗೆ ಕೈ ತಡೆಯುವುದು. ಸಂಬಂಧ: ಹುಡುಕಿದರೆ ಎಲ್ಲರಿಗೂ ಒಬ್ಬ ಸಿಗುತ್ತಾನೆ. ಅಧಿಕಾರಿ: ಇಲ್ಲಿ ಓದಲು ಅರ್ಹನಾದವನು ಎಂದಷ್ಟೇ ತಿಳಿಯತಕ್ಕದ್ದು, ತಾಲ್ಲೂಕು ಕಚೇರಿಯವರು ಗಾಬರಿಯಾಗಬೇಕಿಲ್ಲ.

ಕ್ಷೇತ್ರ ಪ್ರಕರಣ

ಇಡೀ ಕರ್ನಾಟಕವೇ ಬಿದ್ದಿರುವಾಗ ಈ ಜಿಲ್ಲೆಯೇ ಏಕೆ? ಹೇಳುತ್ತೇವೆ. ಬೆಂಗಳೂರು ಗ್ರಾಮಾಂತರ ಜಿಲ್ಲೆ ಹುಟ್ಟಿದ್ದು 1986ರಲ್ಲಿ. ಹುಟ್ಟಿದ ಮೇಲೆ ದಶಕಗಳ ಕಾಲ ಅದರ ಮೈ ಹಳ್ಳಿಗಾಡಿನಲ್ಲಿ, ತಲೆ ಮಾತ್ರ ಬೆಂಗಳೂರು ನಗರದಲ್ಲಿ ಇತ್ತು. ತನ್ನ ಜಿಲ್ಲಾಧಿಕಾರಿಯನ್ನು ಕಾಣಲು ಹೊಸಕೋಟೆಯ ರೈತ ಪಕ್ಕದ ಜಿಲ್ಲೆಗೆ ಬಸ್ಸು ಹತ್ತಬೇಕಿತ್ತು. 2007ರಲ್ಲಿ ರಾಮನಗರ ಬೇರೆ ಜಿಲ್ಲೆಯಾಗಿ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಉಳಿದವು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯಲ್ಲಿ ವಿಮಾನ ಇಳಿಯಿತು, ಅಂದಿನಿಂದ ನೆಲ ಹಾರುತ್ತಿದೆ. 2025ರ ಜುಲೈನಲ್ಲಿ ನಂದಿಬೆಟ್ಟದ ಮೇಲೆ ಸೇರಿದ ಸಚಿವ ಸಂಪುಟ ಜಿಲ್ಲೆಗೆ ‘ಬೆಂಗಳೂರು ಉತ್ತರ’ ಎಂದು ಹೆಸರಿಡಲು ತೀರ್ಮಾನಿಸಿತು. ತಲೆ ಒಂದು ಕಡೆ, ಮೈ ಒಂದು ಕಡೆ, ಸಾಲದ್ದಕ್ಕೆ ಇನ್ನೊಂದು ಹೆಸರು. ವ್ಯಕ್ತಿತ್ವದೋಷದ ಅಧ್ಯಯನಕ್ಕೆ ಇದಕ್ಕಿಂತ ಪ್ರಶಸ್ತವಾದ ಕ್ಷೇತ್ರ ಜಂಬೂದ್ವೀಪದಲ್ಲಿಲ್ಲ.

ಪೂರ್ವಸೂರಿ ಪ್ರಕರಣ

ಈ ಶಾಸ್ತ್ರದ ಆದಿಪುರುಷ ಫ್ರಾನ್ಸಿನ ವೈದ್ಯ ಫಿಲಿಪ್ ಪಿನೆಲ್. ಹತ್ತೊಂಬತ್ತನೆಯ ಶತಮಾನದ ಹೊಸ್ತಿಲಲ್ಲಿ ಆತ ‘ಭ್ರಮೆಯಿಲ್ಲದ ಉನ್ಮಾದ’ ಎಂಬ ಸ್ಥಿತಿಯನ್ನು ಗುರುತಿಸಿದ: ಬುದ್ಧಿ ನೆಟ್ಟಗಿದೆ, ಲೆಕ್ಕ ನೆಟ್ಟಗಿದೆ, ನಡತೆ ಮಾತ್ರ ಕೆಟ್ಟಿದೆ. 1835ರಲ್ಲಿ ಇಂಗ್ಲೆಂಡಿನ ಪ್ರಿಚರ್ಡ್ ಇದನ್ನು ‘ನೈತಿಕ ಹುಚ್ಚು’ ಎಂಬ ದೊಡ್ಡ ಚೀಲಕ್ಕೆ ತುಂಬಿದ. 1941ರಲ್ಲಿ ಅಮೆರಿಕದ ಹರ್ವೆ ಕ್ಲೆಕ್ಲಿ ‘ದಿ ಮಾಸ್ಕ್ ಆಫ್ ಸ್ಯಾನಿಟಿ’ ಬರೆದ. ಅವನ ಲಕ್ಷಣಪಟ್ಟಿಯ ತಲೆಯಲ್ಲೇ ಇರುವುದು ಮೇಲ್ನೋಟದ ಮೋಹಕತೆ ಮತ್ತು ಒಳ್ಳೆಯ ಬುದ್ಧಿ. ವಧೂವರರ ಜಾಹೀರಾತಿನಲ್ಲಿ ನಾವು ಕೇಳುವುದೂ ಇವೆರಡನ್ನೇ ಎಂಬುದನ್ನು ಕ್ಲೆಕ್ಲಿ ಗಮನಿಸಲಿಲ್ಲ.

ಆಮೇಲೆ ಬಂದವನು ಕೆನಡಾದ ರಾಬರ್ಟ್ ಹೇರ್. ಜೈಲುಗಳಲ್ಲಿ ವರ್ಷಗಟ್ಟಲೆ ಕೈದಿಗಳನ್ನು ಮಾತಾಡಿಸಿ 20 ಅಂಶಗಳ ಪಟ್ಟಿ ಮಾಡಿದ. ನಯವಾದ ಮಾತು, ತನ್ನ ಬಗ್ಗೆ ವಿಪರೀತ ಹೆಮ್ಮೆ, ಲೀಲಾಜಾಲವಾಗಿ ಸುಳ್ಳು, ಪಶ್ಚಾತ್ತಾಪವಿಲ್ಲದಿರುವುದು, ಪರರ ನೋವಿಗೆ ಮರುಗದಿರುವುದು, ಇತ್ಯಾದಿ. ಒಂದೊಂದಕ್ಕೂ ಸೊನ್ನೆ, ಒಂದು ಅಥವಾ ಎರಡು ಅಂಕ, ಒಟ್ಟು 40. ಉತ್ತರ ಅಮೆರಿಕದಲ್ಲಿ 30 ಬಂದರೆ ಪಾಸು. ಅಂದರೆ ಶೇಕಡಾ 75. ಸೈಕೋಪಾತ್ ಎನಿಸಿಕೊಳ್ಳಲು ಫಸ್ಟ್ ಕ್ಲಾಸ್ ಕೂಡ ಸಾಲದು. 18, 20 ಬಂದು ಫೇಲಾದವರನ್ನು ಏನೆಂದು ಕರೆಯಬೇಕೆಂದು ಶಾಸ್ತ್ರ ಹೇಳುವುದಿಲ್ಲ. ನಾವು ಅವರನ್ನು ನೆಂಟರು ಎನ್ನುತ್ತೇವೆ.

ಪೂರ್ವಪಕ್ಷ

ಇಲ್ಲಿ ಆಕ್ಷೇಪ ಏಳುತ್ತದೆ. ‘ನಮ್ಮ ಜಿಲ್ಲೆಯಲ್ಲಿ ಸೈಕೋ ಯಾರು?’ ಎಂದು ಯಾವ ಟೀ ಅಂಗಡಿಯಲ್ಲಿ ಕೇಳಿದರೂ ಲೋಟ ಕೆಳಗಿಡದೆಯೇ ಉತ್ತರ ಬರುತ್ತದೆ: ‘ಇನ್ಯಾರು ಸಾ, ದಂಡುಪಾಳ್ಯದೋರು!’ ದಂಡುಪಾಳ್ಯ ಹೊಸಕೋಟೆ ತಾಲ್ಲೂಕಿನ ಹಳ್ಳಿ. 1990ರ ದಶಕದಲ್ಲಿ ಆ ಹೆಸರು ಹೊತ್ತ ಗ್ಯಾಂಗು ಕೊಲೆ ದರೋಡೆಗಳಿಂದ ಮನೆಮನೆಯ ಬಾಗಿಲಿಗೆ ಎರಡನೇ ಚಿಲಕ ಹಾಕಿಸಿತು. 2012ರಲ್ಲಿ ಸಿನಿಮಾ ಬಂತು, ಓಡಿತು, ಅದರ ಬಾಲ ಹಿಡಿದು ಇನ್ನಷ್ಟು ಬಂದವು. ಗ್ಯಾಂಗಿನವರು ಜೈಲು ಸೇರಿದರು, ಹೆಸರು ಮಾತ್ರ ಊರಿನಲ್ಲೇ ಉಳಿಯಿತು. ತನ್ನ ಪಾಡಿಗೆ ರಾಗಿ ಬೆಳೆದುಕೊಂಡಿದ್ದ ಹಳ್ಳಿ ಬೈಗುಳವಾಗಿ ಚಲಾವಣೆಗೆ ಬಂತು.

ಸಮಾಧಾನ: ಈ ಉತ್ತರ ಸುಲಭ, ಆದ್ದರಿಂದ ಸಂಶಯಾಸ್ಪದ. ಹೇರ್ ಪಟ್ಟಿಯಲ್ಲಿ ಎರಡು ಭಾಗಗಳಿವೆ. ಮೊದಲ ಭಾಗ ನಯ, ಸುಳ್ಳು, ನಿಷ್ಕರುಣೆ. ಎರಡನೆಯದು ದುಡುಕು, ಬಾಲ್ಯದಿಂದ ಪುಂಡಾಟ, ಬಗೆಬಗೆಯ ಅಪರಾಧ. ಎರಡೂ ಭಾಗದಲ್ಲಿ ಚೆನ್ನಾಗಿ ಅಂಕ ಬಂದವನನ್ನು ಪೊಲೀಸರು ಕರೆದೊಯ್ಯುತ್ತಾರೆ. ಮೊದಲನೆಯದರಲ್ಲಿ ಪೂರ್ಣಾಂಕ, ಎರಡನೆಯದರಲ್ಲಿ ಸೊನ್ನೆ ಬಂದವನು ಎಲ್ಲಿಗೆ ಹೋಗುತ್ತಾನೆ? ಮೀಟಿಂಗಿಗೆ.

ಇನ್ನೊಂದು ಆಕ್ಷೇಪ: ಬಸ್‌ಸ್ಟ್ಯಾಂಡಿನಲ್ಲಿ ಒಬ್ಬನೇ ಮಾತಾಡುತ್ತಾ ನಿಲ್ಲುವವನು ಸೈಕೋ ಅಲ್ಲವೇ? ಅಲ್ಲ. ಅವನಿಗೆ ಕಾಯಿಲೆ, ನಿಮ್ಹಾನ್ಸಿನಲ್ಲಿ ಔಷಧಿಯುಂಟು, ಅವನಿಂದ ಯಾರ ಪಹಣಿಯೂ ತಿದ್ದುಪಡಿಯಾಗಿಲ್ಲ.

ಪರೀಕ್ಷಾವಿಧಿ: ಘಾಟಿ ಕನ್ನಡಿ ನ್ಯಾಯ

ಹೇರ್ ಮತ್ತು ಪಾಲ್ ಬೇಬಿಯಕ್ 2006ರಲ್ಲಿ ಕಚೇರಿಯ ಪ್ರಭೇದದ ಬಗ್ಗೆ ಪುಸ್ತಕ ಬರೆದು ‘ಸ್ನೇಕ್ಸ್ ಇನ್ ಸೂಟ್ಸ್’ ಎಂದು ಹೆಸರಿಟ್ಟರು. ಸೂಟು ತೊಟ್ಟ ಹಾವುಗಳಂತೆ. ಈ ಹೆಸರಿಗೆ ನಮ್ಮ ಜಿಲ್ಲೆಯ ತೀವ್ರ ವಿರೋಧವಿದೆ. ದೊಡ್ಡಬಳ್ಳಾಪುರದ ಹತ್ತಿರದ ಘಾಟಿ ಸುಬ್ರಹ್ಮಣ್ಯದಲ್ಲಿ ಹಾವು ದೇವರು. ಮಕ್ಕಳಿಲ್ಲದವರು ನಾಗರಕಲ್ಲು ಪ್ರತಿಷ್ಠೆ ಮಾಡಿಸುತ್ತಾರೆ. ನಾಗಪ್ಪ ತಾನಾಗಿ ಯಾರನ್ನೂ ಹುಡುಕಿಕೊಂಡು ಹೋಗಿ ಕಚ್ಚುವುದಿಲ್ಲ. ಕಚ್ಚಿದ ಮೇಲೆ ‘ಇದು ನಿನ್ನ ಕರಿಯರ್ ಗ್ರೋತ್‌ಗೇ’ ಎನ್ನುವುದೂ ಇಲ್ಲ.

ಪರೀಕ್ಷಾವಿಧಿ ಕೊಡುವುದೂ ಘಾಟಿಯೇ. ಅಲ್ಲಿ ಒಂದೇ ಶಿಲೆಯಲ್ಲಿ ಮುಂದೆ ಸುಬ್ರಹ್ಮಣ್ಯ, ಹಿಂದೆ ನರಸಿಂಹ. ಹಿಂದಿನ ಮುಖವೂ ಭಕ್ತರಿಗೆ ಕಾಣಲೆಂದು ಗರ್ಭಗುಡಿಯಲ್ಲಿ ದೊಡ್ಡ ಕನ್ನಡಿ ಇಟ್ಟಿದ್ದಾರೆ. ಕ್ಲೆಕ್ಲಿ ಮುಖವಾಡ ಎಂದು ಬರೆದು ನಿಲ್ಲಿಸಿದ. ಮುಖವಾಡದ ಹಿಂಬದಿ ನೋಡುವ ಉಪಾಯ ಅವನಿಗೆ ಹೊಳೆಯಲಿಲ್ಲ. ನ್ಯಾಯ ಹೀಗೆ: ಮನುಷ್ಯನನ್ನು ಎದುರಿನಿಂದ ಅಳೆಯಬಾರದು. ಅವನ ಬೆನ್ನ ಹಿಂದೆ ಯಾರಿದ್ದಾರೆ, ಅವರ ಮುಖದಲ್ಲಿ ಏನು ಕಾಣುತ್ತದೆ ನೋಡಬೇಕು. ಬಾಸನ್ನು ಅವನ ಬಾಸಿನ ಬಳಿ ವಿಚಾರಿಸಬೇಡಿ. ಡ್ರೈವರನ್ನು ಕೇಳಿ, ಸೆಕ್ಯುರಿಟಿಯವನನ್ನು ಕೇಳಿ, ಗುತ್ತಿಗೆಯ ಮೇಲೆ ಕಸ ಗುಡಿಸುವಾಕೆಯನ್ನು ಕೇಳಿ.

ಪ್ರಭೇದ ಪ್ರಕರಣ

ಮೊದಲನೆಯದು ಲೇಔಟ್ ಪ್ರಭೇದ. ಆವಾಸ: ದೇವನಹಳ್ಳಿಯ ಸುತ್ತಮುತ್ತ, ‘ಏರ್‌ಪೋರ್ಟಿಗೆ ಕೇವಲ 15 ನಿಮಿಷ’ ಎಂಬ ಫ್ಲೆಕ್ಸಿನ ನೆರಳು. (ಹದಿನೈದು ನಿಮಿಷ ವಿಮಾನದಲ್ಲಿ.) ಇವನು ಮುದುಕಿಯ ಮನೆಗೆ ಬರುವಾಗ ಹೊಸ್ತಿಲ ಹೊರಗೆ ಚಪ್ಪಲಿ ಬಿಡುತ್ತಾನೆ, ಕಾಲು ಮುಟ್ಟುತ್ತಾನೆ. ಚಾಪೆಯ ಮೇಲೆ ಕೂತು ಮುದ್ದೆ ಮುರಿದು ಉಪ್ಪೆಸರಿಗೆ ಅದ್ದಿ, ‘ನಮ್ಮವ್ವ ಹೋದ್ಮೇಲೆ ಹಿಂಗೆ ಉಂಡೇ ಇರಲಿಲ್ಲ ಕಣಜ್ಜಿ’ ಎಂದು ಕಣ್ಣು ಒದ್ದೆ ಮಾಡಿಕೊಳ್ಳುತ್ತಾನೆ. ಅವನ ಅವ್ವ ಯಲಹಂಕದಲ್ಲಿ ಗಟ್ಟಿಮುಟ್ಟಾಗಿದ್ದಾಳೆ. ಆಮೇಲೆ ಜಿಪಿಎ ಕಾಗದ ಹೊರಬರುತ್ತದೆ. ಅಜ್ಜಿಯ ಎಡಗೈ ಹೆಬ್ಬೆರಳನ್ನು ತಾನೇ ಮೃದುವಾಗಿ ಹಿಡಿದು, ಇಂಕ್ ಪ್ಯಾಡಿನ ಮೇಲೆ ಹೊರಳಿಸಿ, ಹಾಳೆಹಾಳೆಗೂ ಒತ್ತಿಸುತ್ತಾನೆ. ಒತ್ತಿಸಿ ಮುಗಿದ ಮೇಲೆ ತನ್ನದೇ ಬಿಳಿ ಕರ್ಚೀಫಿನಿಂದ ಆ ಬೆರಳಿನ ಮಸಿಯನ್ನು ಒರೆಸುತ್ತಾನೆ. ಉಗುರಿನ ಸಂದಿಯದನ್ನೂ ಬಿಡುವುದಿಲ್ಲ. ಎಕರೆ ಹೋಯಿತೆಂದು ಮೊಮ್ಮಗ ತಾಲ್ಲೂಕು ಕಚೇರಿಯಲ್ಲಿ ಬಾಯಿ ಬಡಿದುಕೊಳ್ಳುವಾಗಲೂ ಅಜ್ಜಿ ಹೇಳುವುದು, ‘ಆ ಹುಡುಗ ಅಂಥೋನಲ್ಲ ಬುಡು, ಕೈ ಒರೆಸ್ದ.’ ಅಂಕ: ನಯಕ್ಕೆ 2, ಸುಳ್ಳಿಗೆ 2, ಕರ್ಚೀಫಿಗೆ ಪಟ್ಟಿಯಲ್ಲಿ ಕಾಲಂ ಇಲ್ಲ.

ಎರಡನೆಯದು ಕಾರ್ಖಾನೆ ಪ್ರಭೇದ. ಆವಾಸ: ದಾಬಸ್‌ಪೇಟೆ, ಬಾಶೆಟ್ಟಿಹಳ್ಳಿ, ಅಪರೆಲ್ ಪಾರ್ಕ್. ಇವನ ಜೀವನಚಕ್ರಕ್ಕೆ ಬೇಬಿಯಕ್ ಐದು ಹಂತ ಹೇಳುತ್ತಾನೆ: ಒಳಗೆ ಸೇರುವುದು, ಯಾರು ಉಪಯೋಗಕ್ಕೆ ಬರುತ್ತಾರೆಂದು ಅಳೆಯುವುದು, ಆಡಿಸುವುದು, ಉಪಯೋಗ ತೀರಿದವರನ್ನು ತೊಡೆಯುವುದು, ಕೊನೆಗೆ ಕೈಹಿಡಿದು ಮೇಲೆತ್ತಿದವನದೇ ಕುರ್ಚಿ ಏರುವುದು. ದಾಬಸ್‌ಪೇಟೆಗೆ ಕಾಣುವ ಶಿವಗಂಗೆ ಬೆಟ್ಟದಲ್ಲಿ ಲಿಂಗಕ್ಕೆ ಸವರಿದ ತುಪ್ಪ ಬೆಣ್ಣೆಯಾಗುತ್ತದೆಂಬುದು ಪ್ರಸಿದ್ಧ. ಬೆಟ್ಟದ ಕೆಳಗೆ ಆ ಬೆಣ್ಣೆ ಯಾರಿಗೆ ಹಚ್ಚಲ್ಪಡುತ್ತದೆಂಬುದು ಅಷ್ಟೇ ಪ್ರಸಿದ್ಧ.

ಈ ಪ್ರಭೇದವನ್ನು ವೀಕ್ಷಿಸಲು ಶುಭಮುಹೂರ್ತ ಫಾರಿನ್ ಬಯ್ಯರ್ ಬರುವ ದಿನ. ಅಂದು ಶೌಚಾಲಯದಲ್ಲಿ ಸೋಪು ಪ್ರತ್ಯಕ್ಷವಾಗುತ್ತದೆ. ಹೊಲಿಗೆ ಸಾಲಿನ ಹೆಂಗಸರನ್ನು ಮ್ಯಾನೇಜರ್ ಹೆಸರು ಹಿಡಿದು ಮಾತಾಡಿಸುತ್ತಾನೆ, ‘ನಾವೆಲ್ಲ ಒಂದೇ ಫ್ಯಾಮಿಲಿ’ ಎನ್ನುತ್ತಾನೆ. ಬಯ್ಯರ್ ಕಾರು ಗೇಟು ದಾಟಿದ ಮೇಲೆ ಕನ್ನಡಿ ಹಿಡಿಯಿರಿ. ಫ್ಯಾಮಿಲಿಯ ಸದಸ್ಯೆಯೊಬ್ಬಳು ನೀರು ಕುಡಿಯಲು ಎದ್ದಳು. ‘ಯಾರಮ್ಮಾ ಅದು ಮೂರನೇ ಮಿಷಿನ್ನು, ಪೀಸ್ ಯಾರು ಕೊಡ್ತಾರೆ, ನಿಮ್ಮಪ್ಪನಾ?’ ಮಧ್ಯಾಹ್ನದ ಹೊತ್ತಿಗೆ ಹೆಸರು ಹೋಗಿ ಮಿಷಿನ್ ನಂಬರು ಬಂತು, ಸೋಪು ಬೀರು ಸೇರಿತು.

ಮೂರನೆಯದು ಕಣ್ಣಿಗೆ ಕಾಣದ ಪ್ರಭೇದ. ಕಾನೂನಿನ ದೃಷ್ಟಿಯಲ್ಲಿ ಕಂಪನಿಯೂ ಒಬ್ಬ ‘ವ್ಯಕ್ತಿ’. ಸರಿ, ವ್ಯಕ್ತಿಯಾದ ಮೇಲೆ ಅಂಕ ಹಾಕೋಣವೆಂದು ಕೆನಡಾದ ಕಾನೂನು ಪ್ರಾಧ್ಯಾಪಕ ಜೋಯಲ್ ಬಾಕನ್ ಹೊರಟ. ‘ದಿ ಕಾರ್ಪೊರೇಷನ್’ ಎಂಬ ಅವನ ಪುಸ್ತಕ ಮತ್ತು ಸಾಕ್ಷ್ಯಚಿತ್ರದ ವಾದ ಇದು: ಲಾಭದ ಹೊರತು ಬೇರೆ ಯಾವುದಕ್ಕೂ ಮರುಗದಂತೆ ರಚಿಸಲಾದ ಈ ವ್ಯಕ್ತಿಯ ನಡವಳಿಕೆ ಸೈಕೋಪಾತನದೇ. ಒಳಗಿರುವವರು ಒಳ್ಳೆಯವರೇ ಇರಬಹುದು, ಮಕ್ಕಳನ್ನು ಸ್ಕೂಲಿಗೆ ಬಿಟ್ಟು ಬಂದವರೇ ಇರಬಹುದು.

ನಮ್ಮ ಜಿಲ್ಲೆ ಈ ಸಂಶೋಧನೆಯನ್ನು ಒಂದು ಹೆಜ್ಜೆ ಮುಂದೆ ಒಯ್ದಿದೆ. ಅಧಿಸೂಚನೆಯೂ ಒಂದು ವ್ಯಕ್ತಿ. 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆಯ 28ನೇ ಕಲಮಿಗೆ ತಾಯಿಯಿಲ್ಲ, ತೋಟವಿಲ್ಲ, ಸಂಜೆಯಿಲ್ಲ. ನಾಚಿಕೆಯ ಪ್ರಶ್ನೆಯೇ ಬರುವುದಿಲ್ಲ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಗೆ ಆ ಕಲಮು ಕೈ ಹಾಕಿತು. ದ್ರಾಕ್ಷಿ, ತರಕಾರಿ, ಹಾಲು ಎಂದುಕೊಂಡಿದ್ದ ಜನ 2022ರ ಏಪ್ರಿಲ್‌ನಲ್ಲಿ ಶಾಮಿಯಾನ ಹಾಕಿ ಕೂತರು. ಸೈಕೋಪಾತನಿಗೆ ಚಿಕಿತ್ಸೆ ನಾಟುವುದು ಬಲು ಕಷ್ಟ ಎಂಬುದು ಪಾಶ್ಚಾತ್ಯ ಪಂಡಿತರ ಹಳೆಯ ಅಳಲು. ಕಾಣದ ಪ್ರಭೇದಕ್ಕೆ ಈ ನಿಯಮ ಅನ್ವಯಿಸುವುದಿಲ್ಲವೆಂದು ಚನ್ನರಾಯಪಟ್ಟಣದ ವೈದ್ಯರು ತೋರಿಸಿದರು. ಮೂರು ವರ್ಷ ಮೀರಿ ಎದ್ದು ಹೋಗದೆ ಕೂತಿರುವುದೇ ಔಷಧಿ. 2025ರ ಜುಲೈ 15ರಂದು ಮುಖ್ಯಮಂತ್ರಿಗಳು ಸ್ವಾಧೀನ ಕೈಬಿಟ್ಟದ್ದಾಗಿ ಘೋಷಿಸಿದರು. ಅಧಿಸೂಚನೆಗೆ ಮನಸ್ಸು ಹುಟ್ಟಿದ ಈ ಪ್ರಕರಣ ವೈದ್ಯಕೀಯ ಪತ್ರಿಕೆಗಳಲ್ಲಿ ಬರದಿರುವುದು ಖೇದಕರ.

ಸಿದ್ಧಾಂತ

ಹಾಗಾದರೆ ಈ ಜೀವಿ ಬೆಳೆಯುವುದು ಏನನ್ನು ತಿಂದು? ಬೇಬಿಯಕ್, ನ್ಯೂಮನ್, ಹೇರ್ ಮೂವರೂ 203 ಮಂದಿ ಕಂಪನಿ ವೃತ್ತಿಪರರನ್ನು ಅಳೆದು 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ಇವರೆಲ್ಲ ಮುಂದಕ್ಕೆ ಬರಬೇಕಾದವರೆಂದು ಕಂಪನಿಗಳೇ ಆರಿಸಿ ಕಳಿಸಿದವರು. ಸಾಮಾನ್ಯ ಜನರಲ್ಲಿ ಸುಮಾರು ನೂರಕ್ಕೊಬ್ಬ ಎನ್ನುವ ಅಂದಾಜಿದ್ದರೆ, ಇಲ್ಲಿ 30 ಮುಟ್ಟಿದವರು ನೂರಕ್ಕೆ ನಾಲ್ವರ ಹತ್ತಿರ. ಸ್ವಾರಸ್ಯ ಬೇರೆಯೇ ಇದೆ. ಅಂಕ ಹೆಚ್ಚಿದಂತೆ ಮಾತುಗಾರಿಕೆ, ದೂರಾಲೋಚನೆಗಳಿಗೆ ಮೇಲಿನವರು ಕೊಟ್ಟ ಶಹಬ್ಬಾಸೂ ಹೆಚ್ಚಿತ್ತು. ಕೆಲಸ, ಜವಾಬ್ದಾರಿ, ಜೊತೆಯವರೊಡನೆ ಹೊಂದಿಕೆಗಳ ಗ್ರೇಡು ಕೆಳಗಿತ್ತು. ಅಂದರೆ ಕೆಲಸ ಆಗಿಲ್ಲವೆಂಬುದು ಗೊತ್ತಿದ್ದೂ, ಆಗಿಲ್ಲವೆಂದು ಅವನು ವಿವರಿಸಿದ ಸೊಗಸಿಗೆ ಮೇಲಿನವರು ತಲೆದೂಗಿದರು.

ಆದ್ದರಿಂದ ಸಿದ್ಧಾಂತ: ಅಂತಃಕರಣವಿಲ್ಲದವನು ಒಬ್ಬನೇ ಆಗಿದ್ದರೆ ಹೊಸಕೋಟೆಯ ನಸುಕಿನ ಬಿರಿಯಾನಿ ಸಾಲಿನಲ್ಲಿ ‘ಅಣ್ಣಾ, ಒಂದ್ನಿಮ್ಸ’ ಎಂದು ನುಗ್ಗುವಷ್ಟಕ್ಕೆ ಅವನ ಸಾಧನೆ ನಿಂತೀತು. ಅವನನ್ನು ಮೇಲೆತ್ತುವವರು ಅಂತಃಕರಣ ಉಳ್ಳವರು. ನಿಯತ್ತಿನ ಗುಮಾಸ್ತನನ್ನು ನಾವು ‘ಪಾಪ, ಒಳ್ಳೆಯವನು, ಅವನ ಕೈಲಿ ಏನೂ ಆಗಲ್ಲ’ ಎನ್ನುತ್ತೇವೆ. ಇವನನ್ನು ‘ಆಸಾಮಿ ಪಕ್ಕಾ, ಹೆಂಗಾದ್ರೂ ಮಾಡಿ ಕೆಲಸ ಮುಗಿಸ್ತಾನೆ’ ಎನ್ನುತ್ತೇವೆ. ಆ ‘ಹೆಂಗಾದ್ರೂ’ ಎಂಬುದರ ಒಳಗೆ ಯಾರ ಹೆಬ್ಬೆರಳಿದೆ ಎಂದು ಕೇಳುವುದಿಲ್ಲ, ಏಕೆಂದರೆ ಮುಗಿಯುವ ಕೆಲಸ ನಮ್ಮದು. ನಮ್ಮ ಖಾತೆ, ನಮ್ಮ ಪೋಡಿ, ನಮ್ಮ ಮಗನ ಕೆಲಸ. 40ರ ಪಟ್ಟಿಯಲ್ಲಿ ಅವನು ಬರೆದದ್ದು ಉತ್ತರ ಮಾತ್ರ; ಅಂಕ ಹಾಕಿದವರು ನಾವು. ಆಮೇಲೆ ರಾತ್ರಿ ಬಾಗಿಲಿಗೆ ಎರಡನೇ ಚಿಲಕ ಹಾಕಿ, ದಂಡುಪಾಳ್ಯದ ಕಡೆ ಬೆರಳು ತೋರಿಸಿ ಮಲಗುತ್ತೇವೆ.

ನಿಷೇಧವಿಧಿ: ಹೇರ್ ಪಟ್ಟಿ ತರಬೇತಿ ಪಡೆದ ತಜ್ಞರ ಕೈಗಷ್ಟೇ. ಅವರೂ ದಾಖಲೆ ತಿರುವಿ, ಗಂಟೆಗಟ್ಟಲೆ ಮಾತಾಡಿಸಿ ಅಂಕ ಹಾಕುತ್ತಾರೆ. ಅತ್ತೆ, ಷಡ್ಡಕ, ಗ್ರಾಮ ಪಂಚಾಯಿತಿ ಸದಸ್ಯರ ಮೇಲೆ ಪ್ರಯೋಗಿಸಕೂಡದು. ಬಾಸಿನ ಮೇಲಂತೂ ಬೇಡವೇ ಬೇಡ. ಎರಡನೇ ಹಂತದಲ್ಲೇ ಅವನು ನಿಮ್ಮನ್ನು ಅಳೆದು ಮುಗಿಸಿದ್ದಾನೆ.

ಫಲಶ್ರುತಿ

ಈ ನಿರ್ಣಯವನ್ನು ಶುಚಿರ್ಭೂತರಾಗಿ ಓದಿದವರಿಗೆ ಇನ್‌ಕ್ರಿಮೆಂಟ್ ಪ್ರಾಪ್ತಿ, ಕೇಳಿದವರಿಗೆ ಬೇಕಾದ ಜಾಗಕ್ಕೆ ಟ್ರಾನ್ಸ್‌ಫರ್, ನಕಲು ಮಾಡಿ ತಮ್ಮ ಹೆಸರು ಹಾಕಿಕೊಂಡವರಿಗೆ ಡಾಕ್ಟರೇಟ್. ಅಜ್ಜಿಯ ಜೊತೆ ರಿಜಿಸ್ಟ್ರೇಷನ್ನಿಗೆ ಹೋಗಿ ಹಾಳೆಹಾಳೆಯನ್ನೂ ಗಟ್ಟಿಯಾಗಿ ಓದಿ ಹೇಳಿದ ಮೊಮ್ಮಕ್ಕಳಿಗೆ ಎರಡು ಎಕರೆ ಭೂಮಿ, ಅದೂ ಅವರದೇ. ಆಫೀಸ್ ಗ್ರೂಪಿಗೆ ಫಾರ್ವರ್ಡ್ ಮಾಡಿದವರಿಗೆ ಮೂರು ತಿಂಗಳ ನೋಟಿಸ್ ಪೀರಿಯಡ್.