ದುರ್ಗದ ಸೀಮೆಯಲ್ಲಿ ಸೈಕಲ್ ತುಳಿದು ಸುಸ್ತಾಗುವ ಕ್ರಮ

ಹೊರಡಲು ಆಷಾಢವನ್ನೇ ಆರಿಸಿ. ಆಗ ಗಾಳಿ ಪಶ್ಚಿಮದಿಂದ, ನೈಋತ್ಯದಿಂದ ಬೀಸುತ್ತದೆ. ಬೆಂಗಳೂರು ಬಿಟ್ಟು ವಾಯವ್ಯಕ್ಕೆ ಮುಖ ಮಾಡಿದ ನಿಮ್ಮ ಎದೆಗೇ ಅದು ಬಂದು ಬಡಿಯಬೇಕು. ಚಿತ್ರದುರ್ಗದ ಗುಡ್ಡಗಳ ಮೇಲೆ ಸಾಲಾಗಿ ಗಾಳಿಯಂತ್ರ ನಿಲ್ಲಿಸಿದವರು ಲೆಕ್ಕ ಹಾಕಿಯೇ ನಿಲ್ಲಿಸಿದ್ದಾರೆ. ರೆಕ್ಕೆಗಳು ಜೋರಾಗಿ ತಿರುಗುವ ದಿನ ನೋಡಿ ಹಿರಿಯೂರು ದಾಟಿ. ಇಳಿಜಾರಿನಲ್ಲೂ ಪೆಡಲ್ ತುಳಿಯುವ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ.

ಬಾಡಿಗೆ ಮನೆ ಖಾಲಿ ಮಾಡುವವರಂತೆ ಸಾಮಾನು ಕಟ್ಟಿ. ಪಂಕ್ಚರ್ ಕಿಟ್ ಎಲ್ಲಕ್ಕಿಂತ ಕೆಳಗಿರಲಿ. ಬಳ್ಳಾರಿ ಜಾಲಿಯ ಮುಳ್ಳು ಚುಚ್ಚಿದಾಗ ಗಡಿಬಿಡಿ ಬೇಡ. ಸಾಮಾನನ್ನೆಲ್ಲ ರಸ್ತೆ ಬದಿಯಲ್ಲಿ ಹರಡಿ, ಹೊಸ ಟ್ಯೂಬ್ ಹಾಕಿ. ಟೈರಿನ ಒಳಗೆ ಮಾತ್ರ ಬೆರಳಾಡಿಸಬೇಡಿ. ಮುರಿದ ಮೊನೆ ಅಲ್ಲೇ ಕೂತಿರುತ್ತದೆ. ಎರಡು ಕಿಲೋಮೀಟರ್ ಹೋಗುವಷ್ಟರಲ್ಲಿ ಅದು ತನ್ನ ಕೆಲಸ ಮುಗಿಸುತ್ತದೆ. ಆಗ ಕುರಿ ಮೇಯಿಸುವ ಹುಡುಗರು ಸುತ್ತ ನಿಂತು ಸಲಹೆ ಕೊಡುತ್ತಾರೆ. ಸಲಹೆ ಸರಿಯಾಗಿಯೇ ಇರುತ್ತದೆ, ಕೇಳಬೇಡಿ.

ಹಿರಿಯೂರಿನಿಂದ ಹೊಸದುರ್ಗಕ್ಕೆ ಹೋಗುವಾಗ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ ಸಿಗುತ್ತದೆ. ವೇದಾವತಿಗೆ ಅಡ್ಡಲಾಗಿ ಕಟ್ಟಿದ ಈ ಅಣೆಕಟ್ಟಿನ ಕೆಲಸ ಮುಗಿದದ್ದು 1907ರಲ್ಲಿ. 1933ರಲ್ಲಿ ಕೋಡಿ ಹರಿದ ಮೇಲೆ ಮತ್ತೆ ಹರಿದದ್ದು 2022ರಲ್ಲೇ. ಅದು 89 ವರ್ಷ ಕಾದಿದೆ ಎಂದು ನೀವು ಹತ್ತು ನಿಮಿಷ ಕಾಯಬೇಕಾಗಿಲ್ಲ. ಸೈಕಲ್ಲನ್ನು ಗೋಡೆಗೆ ಒರಗಿಸಿ ಫೋಟೋ ಹೊಡೆಯಿರಿ. ಸೈಕಲ್ ಸ್ಪಷ್ಟವಾಗಿರಲಿ, ಅಣೆಕಟ್ಟು ಮಸುಕಾಗಿರಲಿ. ಹೊಳಲ್ಕೆರೆಯ ಬಯಲು ಗಣಪತಿಗೂ ಇದೇ ನಿಯಮ. ಮೊಬೈಲ್ ಆ್ಯಪ್ ನಿಂತ ಹೊತ್ತನ್ನೂ ಲೆಕ್ಕ ಹಾಕಬಹುದು. ದೇವರ ಮುಂದೆ ನಿಂತು ಸರಾಸರಿ ವೇಗ ಕೆಡಿಸಿಕೊಳ್ಳಬೇಡಿ.

ಚಹಾದಂಗಡಿಯಲ್ಲಿ ಎಚ್ಚರ. "ಎಲ್ಲಿಂದ ಬಂದ್ರಿ?" ಎನ್ನುತ್ತಾರೆ. ಬೆಂಗಳೂರು ಎಂದರೆ "ಯಾಕೆ, ಬಸ್ ಸಿಗ್ಲಿಲ್ವಾ?" ಎನ್ನುತ್ತಾರೆ. ನಗಬೇಡಿ. ಹೃದಯಬಡಿತ, ಕಾರ್ಬನ್ ಫ್ರೇಮು, ಸಮತೋಲಿತ ಜೀವನ ಎಂದು ಉಪನ್ಯಾಸ ಶುರು ಮಾಡಿ. ಸೈಕಲ್ಲಿಗೆ ಎಷ್ಟಾಯಿತು ಎಂದು ಕೇಳಿದಾಗ ಒಂದು ಸೊನ್ನೆ ಕಳೆದು ಹೇಳಿ. ಆಗಲೂ "ಅಷ್ಟಕ್ಕೆ ಒಂದು ಸೀಮೆಹಸು ಅಡ್ವಾನ್ಸಾದ್ರೂ ಆಗ್ತಿತ್ತಲ್ಲ" ಎಂಬ ಮಾತು ಬಂದೇ ಬರುತ್ತದೆ. ಅದು ಅರ್ಥಶಾಸ್ತ್ರ, ನಿಮ್ಮ ವಿಷಯವಲ್ಲ. ಎದ್ದು ಹೊರಡಿ.

ಹೊರಟ ಮೇಲೆ, ಕ್ಯಾರಿಯರಿನಲ್ಲಿ ಹುಲ್ಲಿನ ಹೊರೆ ಕಟ್ಟಿಕೊಂಡು ಪಂಚೆ ಎತ್ತಿಕಟ್ಟಿದ ಹಿರಿಯರೊಬ್ಬರು, ಬೆಲ್ಲೂ ಇಲ್ಲದ ಬ್ರೇಕೂ ಇಲ್ಲದ ಹಳೇ ಅಟ್ಲಾಸ್‌ನಲ್ಲಿ ನಿಮ್ಮನ್ನು ಹಿಂದೆ ಹಾಕುತ್ತಾರೆ. ಕೂಡಲೇ ಇಳಿದು ಚೈನ್ ಪರೀಕ್ಷಿಸಿ. ಚೈನಿಗೆ ಏನೂ ಆಗಿರುವುದಿಲ್ಲ. ಅವರು ತಿರುವಿನಲ್ಲಿ ಮರೆಯಾಗುವ ತನಕ ನೋಡುತ್ತಲೇ ಇರಿ.

ಊಟ ಸರಳ. ನಡುಮಧ್ಯಾಹ್ನ ಎರಡು ಪ್ಲೇಟ್ ಮಂಡಕ್ಕಿ ಮೆಣಸಿನಕಾಯಿ ತಿಂದು, ನೀರು ಕಡಿಮೆ ಕುಡಿದು, ಏರು ಹತ್ತಿ. ಉಳಿದದ್ದನ್ನು ಮೆಣಸಿನಕಾಯಿ ನೋಡಿಕೊಳ್ಳುತ್ತದೆ.

ಸಂಜೆ ಲಾಡ್ಜಿನಲ್ಲಿ ಮೇಲಿನ ಮಹಡಿಯ ಕೋಣೆಯನ್ನೇ ಕೇಳಿ, ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಹತ್ತಿ. ಜೆರ್ಸಿ ಒಗೆದು ಫ್ಯಾನಿಗೆ ಕಟ್ಟಿ. ಕರೆಂಟು ಹೋದ ಮೇಲೆ ಒಗೆದರೆ ಇನ್ನೂ ಒಳ್ಳೆಯದು. ಬೆಳಗ್ಗೆ ಹಸಿ ಚಡ್ಡಿ ಹಾಕಿಕೊಂಡು ಹೊರಡುವುದರಿಂದ ತೊಡೆ ಉಜ್ಜಿ, ದಿನವಿಡೀ ನಿದ್ದೆ ಬರುವುದಿಲ್ಲ.

ದುರ್ಗ ತಲುಪಿದಿರೋ, ಕ್ಲೀಟ್ ಶೂ ಬಿಚ್ಚದೆ ಕೋಟೆ ಹತ್ತಿ. ನುಣುಪು ಬಂಡೆಯ ಮೇಲೆ ಅದು ಟಕಟಕ ಸದ್ದು ಮಾಡುತ್ತ ಜಾರುತ್ತದೆ. 1779ರ ತನಕ ಹೈದರಾಲಿಯನ್ನೇ ಸತಾಯಿಸಿದ ಏಳು ಸುತ್ತಿನ ಕೋಟೆ ನಿಮಗೆ ಮಾತ್ರ ಸಲೀಸಾಗಬೇಕೆಂದರೆ ಹೇಗೆ? ಓಬವ್ವನ ಕಿಂಡಿಯಲ್ಲಿ ಹೆಲ್ಮೆಟ್ ತೆಗೆಯದೆ ನುಸುಳಿ. ಒನಕೆ ಇಲ್ಲದೆಯೂ ತಲೆಗೆ ಪೆಟ್ಟು ಬೀಳುತ್ತದೆ.

ಮರಳುವಾಗ ತುಳಿಯುವ ಶಕ್ತಿ ಉಳಿದಿರುವುದಿಲ್ಲ, ಉಳಿದಿದ್ದರೆ ಮೇಲಿನ ಸೂಚನೆಗಳನ್ನು ನೀವು ಪಾಲಿಸಿಲ್ಲ. ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರು ಜಂಕ್ಷನ್‌ಗೆ ಬನ್ನಿ. ಅಲ್ಲಿಂದ ಸೈಕಲ್ ಬುಕ್ ಆಗುತ್ತದೆಯೇ ಎಂದು ಮೊದಲೇ ವಿಚಾರಿಸಬೇಡಿ, ರೈಲು ಬಂದ ಮೇಲೆ ಕೇಳಿ. ಮೋಟಾರ್ ಬೈಕಾದರೆ ಟ್ಯಾಂಕಿನ ಪೆಟ್ರೋಲ್ ಖಾಲಿ ಮಾಡಿಸಬೇಕಾಗುತ್ತಿತ್ತು. ನಿಮಗೆ ಆ ತೊಂದರೆ ಇಲ್ಲ.