ಕಾಮಾಲೆ ಸಸಿ

ಜುಲೈ ತಿಂಗಳ ಒಂದು ಬೆಳಿಗ್ಗೆ ಅಡುಗೆಮನೆಯ ಕಿಟಕಿಯಲ್ಲಿದ್ದ ನನ್ನ 41 ಮೆಣಸಿನ ಸಸಿಗಳು ಹಳದಿಯಾಗಿದ್ದವು. ಒಂದೇ ರಾತ್ರಿಯಲ್ಲಿ ಆದದ್ದೇನಲ್ಲ. ನಾನು ಕನ್ನಡಕ ಹಾಕಿಕೊಂಡು ನೋಡಿದ್ದು ಆವತ್ತು, ಅಷ್ಟೆ.

ಬೀಜ ಅಂಗಡಿಯದಲ್ಲ. ಅವ್ವ ಧಾರವಾಡದಿಂದ ಕಳಿಸಿದ್ದ ಬ್ಯಾಡಗಿ ಮೆಣಸಿನಕಾಯಿಯನ್ನು ಹೆಂಡತಿ ಸಾರಿನ ಪುಡಿಗೆಂದು ಬಾಣಲೆಗೆ ಹಾಕುವ ಮುಂಚೆ ನಾಲ್ಕು ಕಾಯಿ ಕದ್ದು, ಬೀಜ ಬಿಡಿಸಿ, ಅದೇ ಕೈಯಲ್ಲಿ ಕಣ್ಣುಜ್ಜಿಕೊಂಡು, ಅರ್ಧ ದಿನ ಅತ್ತು ಸಂಪಾದಿಸಿದ್ದು. ನರ್ಸರಿಯವರು ಬಳಸುವ 98 ಗುಣಿಯ ಪ್ರೋ ಟ್ರೇ ತಂದು, ಕೊಕೊಪೀಟ್ ತುಂಬಿ, ಗುಣಿಗೊಂದರಂತೆ ಊರಿದೆ. 41 ಮೊಳೆತವು. ನನ್ನ ಗಣಿತದ ಅಂಕಗಳನ್ನು ನೆನೆದರೆ ಇದು ಭರ್ಜರಿ ಪಾಸು. ಟ್ರೇಯ ಮೇಲೊಂದು ಎಲ್‌ಇಡಿ ದೀಪ ಇಳಿಬಿಟ್ಟೆ. ತಿಂಗಳ ಕರೆಂಟ್ ಬಿಲ್ಲು ನೋಡಿದ ಹೆಂಡತಿ ಅದಕ್ಕೆ ನಂದಾದೀಪ ಎಂದು ಹೆಸರಿಟ್ಟಳು.

ಸಸಿಗೆ ಬಂದ ಕಾಯಿಲೆ ಒಂದೇ ಇರಬಹುದು. ವೈದ್ಯರು ಮಾತ್ರ ಅಪಾರ್ಟ್‌ಮೆಂಟಿನಲ್ಲಿ ಮನೆಗೊಬ್ಬರು. ಮೇಲಿನ ಮನೆಯ ನಿವೃತ್ತ ಬ್ಯಾಂಕ್ ಮ್ಯಾನೇಜರು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು "ನೀರು ಜಾಸ್ತಿಯಾಗಿದೆ" ಎಂದರು. ರಾಯಚೂರು ಕಡೆಯ ವಾಚ್‌ಮನ್ "ನೀರು ಕಡಿಮಿ ಆಗೈತ್ರಿ ಸರ" ಎಂದ. ನರ್ಸರಿಯವನು ಫೋನಿನಲ್ಲೇ "19 ಆಲ್ ಕೊಡಿ ಸಾರ್" ಎಂದ. ಆತ ತಲೆನೋವಿಗೂ ಆ ಗೊಬ್ಬರವನ್ನೇ ಹೇಳುವವನು. "ಬಿಸಿಲಿಲ್ಲ ರೀ. ನಿಮ್ಮ ಹಾಗೇ ಮನೆಯೊಳಗೆ ಕೂತು ಬಿಳಿಚಿಕೊಂಡಿವೆ" ಎಂದದ್ದು ಹೆಂಡತಿ. ತಮಾಷೆಯೆಂದರೆ ನಾಲ್ಕರಲ್ಲಿ ಯಾವುದನ್ನೂ ತಳ್ಳಿಹಾಕುವಂತಿಲ್ಲ. ನೀರು ನಿಂತು ಬೇರಿಗೆ ಉಸಿರು ಕಟ್ಟಿದರೂ ಎಲೆ ಹಳದಿ, ಒಣಗಿದರೂ ಹಳದಿ, ಹೊಟ್ಟೆಗಿಲ್ಲದಿದ್ದರೂ ಹಳದಿ, ಬೆಳಕಿಲ್ಲದಿದ್ದರೂ ಹಳದಿ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರೆ. ಇಲ್ಲಿ ಕಾಮಾಲೆ ಸಸಿಗೆ ಬಂದಿತ್ತು, ಕಣ್ಣು ಮಾತ್ರ ಎಲ್ಲರದೂ ಅವರವರದೇ.

ಹೀಗಾಗಿ ನಾನೇ ಡಾಕ್ಟರನಾದೆ. ಮೊದಲ ಕೇಸಿನಲ್ಲೇ ಅವಮಾನವಾಯಿತು. ಸಸಿಯ ತೀರಾ ಬುಡದಲ್ಲಿರುವ ಎರಡು ಎಲೆಗಳು ಬೀಜದೊಳಗೇ ಮಡಚಿಕೊಂಡಿದ್ದು ಹೊರಬಂದವು, ಬೀಜದೆಲೆಗಳು. ಮೊದಲ ದಿನಗಳ ಸಂಸಾರ ತೂಗಿಸಿ, ಮೇಲಿನ ಎಲೆಗಳು ದುಡಿಯತೊಡಗಿದ ಮೇಲೆ ಅವು ಹಳದಿಯಾಗಿ ಉದುರುವುದು ಸೃಷ್ಟಿನಿಯಮ. ಗೊತ್ತಿಲ್ಲದೆ ನಾನು ಅವಕ್ಕೆ ಬೇವಿನೆಣ್ಣೆ ಸವರಿದ್ದೆ. ನಿವೃತ್ತಿಯ ದಿನ ಹಾರ ಹಾಕಿ ಕಳಿಸುವುದು ಬಿಟ್ಟು ಆಸ್ಪತ್ರೆಗೆ ಸೇರಿಸಿದ ಹಾಗೆ.

ಆಮೇಲೆ ಓದಿ ತಿಳಿದದ್ದು: ಹಳದಿ ಎಷ್ಟಿದೆ ಎನ್ನುವುದಕ್ಕಿಂತ ಎಲ್ಲಿಂದ ಶುರುವಾಗಿದೆ ಎಂದು ನೋಡಬೇಕು. ಗಿಡದೊಳಗೆ ನಡೆಯುವುದು ಅವಿಭಕ್ತ ಕುಟುಂಬದ ವ್ಯವಹಾರ. ಸಾರಜನಕ, ಮೆಗ್ನೀಷಿಯಂ ಕೈಯಲ್ಲಿರುವ ನಗದು. ಕೊರತೆ ಬಿದ್ದರೆ ಕೆಳಗಿನ ಹಳೆಯ ಎಲೆ ತನ್ನ ಪಾಲನ್ನು ತೆಗೆದು ಮೇಲಿನ ಎಳೆಯದಕ್ಕೆ ಕಳಿಸಿ ತಾನು ಹಳದಿಯಾಗುತ್ತದೆ. ಹಳೆಯ ಎಲೆ ಇಡಿಯಾಗಿ ಬಿಳಿಚಿದರೆ ಸಾರಜನಕ, ನರಗಳ ನಡುವೆ ಮಾತ್ರ ಬಿಳಿಚಿದರೆ ಮೆಗ್ನೀಷಿಯಂ ಎಂದು ಅನುಮಾನಿಸಬೇಕು. ಕಬ್ಬಿಣದ ದಾರಿ ಬೇರೆ. ಅದು ನಗದಲ್ಲ, ಹೊಲ. ಒಮ್ಮೆ ಹಿರಿಯರ ಹೆಸರಿಗೆ ಪಹಣಿಯಾಯಿತೆಂದರೆ ಕೊಡುವ ಮನಸ್ಸಿದ್ದರೂ ಕೊಡಲಾಗದು. ಅಜ್ಜ ಹಸಿರಾಗಿ ಕೂತಿರುತ್ತಾನೆ, ಮೊಮ್ಮಗ ಹಳದಿ. ರಂಜಕ ಕಡಿಮೆಯಾದರೆ ಎಲೆಯ ಬೆನ್ನು ನೇರಳೆಯಾಗುವುದುಂಟು, ಬರೀ ಚಳಿಗೂ ಆಗುವುದುಂಟು. ನನ್ನವು ನೇರಳೆಯಾಗಿರಲಿಲ್ಲವಾದ್ದರಿಂದ ಆ ಅಧ್ಯಾಯ ಬಿಟ್ಟೆ.

ನನ್ನ ಸಸಿಗಳಲ್ಲಿ ತುದಿಯ ಎಳೆ ಎಲೆಗಳೇ ಹಳದಿ. ನರಗಳು ಮಾತ್ರ ಮೀನಿನ ಮುಳ್ಳಿನಂತೆ ಹಸಿರು. ಕಬ್ಬಿಣದ ಕೊರತೆ! ಜತೆಗೆ ಕೆಳಗಿನ ಎಲೆಗಳ ಅಂಚು ಕಾವಲಿಯ ಮೇಲೆ ಮರೆತ ದೋಸೆಯಂತೆ ಕಂದಿ ಸುರುಟಿತ್ತು. ಅದು ನನ್ನ ತೀರ್ಮಾನಕ್ಕೆ ಹೊಂದಲಿಲ್ಲ. ಹೊಂದದ ಲಕ್ಷಣವನ್ನು ದೊಡ್ಡ ದೊಡ್ಡ ಡಾಕ್ಟರುಗಳೇ ನೋಡದ ಹಾಗೆ ಇರುತ್ತಾರೆ, ನನ್ನದೇನು.

ಈ ಕಬ್ಬಿಣದ ವಿಷಯ ವಿಚಿತ್ರ. ನಮ್ಮ ರಕ್ತದ ಕೆಂಪಿನ ನಡುಮನೆಯಲ್ಲಿ ಕೂತಿರುವುದು ಕಬ್ಬಿಣ. ಎಲೆಯ ಪತ್ರಹರಿತದಲ್ಲಿ ಅದೇ ಬಗೆಯ ಪೀಠದ ಮೇಲೆ ಮೆಗ್ನೀಷಿಯಂ. ಪತ್ರಹರಿತದ ಅಧ್ಯಯನಕ್ಕೆ ಜರ್ಮನಿಯ ರಿಚರ್ಡ್ ವಿಲ್‌ಸ್ಟಾಟರ್ ಅವರಿಗೆ 1915ರಲ್ಲಿ ನೊಬೆಲ್ ಬಂತು. ಹಸಿರಿನಲ್ಲಿ ಕಬ್ಬಿಣವೇ ಇಲ್ಲದ ಮೇಲೆ ಅದಿಲ್ಲದೆ ಎಲೆ ಏಕೆ ಹಳದಿಯಾಗಬೇಕು? ಹೆಂಡತಿ ಸಾರು ಕುದಿಸುತ್ತಿದ್ದಾಗ ನನಗಿದು ಹೊಳೆಯಿತು: ಸಾರಿನಲ್ಲಿ ಸೌಟು ಇರುವುದಿಲ್ಲ, ಆದರೆ ಸೌಟಿಲ್ಲದೆ ಸಾರು ಆಗುವುದಿಲ್ಲ. ಪತ್ರಹರಿತ ತಯಾರಾಗಲು ಕಬ್ಬಿಣ ಬೇಕು, ಒಳಗೆ ಇರಲು ಅಲ್ಲ. ಹೇಳಿದೆ. "ಸೌಟು ಕೊಡಿ ಇಲ್ಲಿ" ಎಂದಳು.

ಗೊಬ್ಬರದ ಅಂಗಡಿಯಿಂದ ಕಬ್ಬಿಣ ತಂದು ಹಾಕಿದೆ. ವಾರವಾದರೂ ಬಣ್ಣ ತಿರುಗಲಿಲ್ಲ. ನರ್ಸರಿಯವನ ಮನಸ್ಸು ನೋಯಬಾರದೆಂದು 19 ಆಲ್ ಕೊಟ್ಟೆ. ಮೆಗ್ನೀಷಿಯಂ ಇರಲಿ ಎಂದು ಎಪ್ಸಮ್ ಉಪ್ಪು. ಸುಟ್ಟ ಅಂಚು ಇನ್ನಷ್ಟು ಒಳಕ್ಕೆ ಬಂತು. 41 ಹೋಗಿ 33 ಉಳಿದವು. ಈಗ ನೂರಕ್ಕೆ ಲೆಕ್ಕ ಹಾಕುವ ಧೈರ್ಯ ನನಗಿರಲಿಲ್ಲ.

ಕಾಯಿಲೆ ಪತ್ತೆಹಚ್ಚಿದವನು ಸಸ್ಯದ ಗಂಧವೇ ಇಲ್ಲದ ಒಬ್ಬ ಹುಡುಗ. ನೀರು ಶುದ್ಧ ಮಾಡುವ ಯಂತ್ರದ ಫಿಲ್ಟರ್ ಬದಲಿಸಲು ಬಂದಿದ್ದ. ನಮ್ಮ ಅಪಾರ್ಟ್‌ಮೆಂಟಿಗೆ ಬೋರ್‌ವೆಲ್ ಮತ್ತು ಟ್ಯಾಂಕರ್ ನೀರೇ ಗತಿ. ಬಕೆಟ್ಟಿನ ಒಳಗೆಲ್ಲ ಬಿಳಿ ಪೊರೆ. ಆರ್‌ಒ ಯಂತ್ರ ಒಂದು ಲೋಟ ಒಳ್ಳೆಯ ನೀರು ಕೊಟ್ಟು ಅದಕ್ಕಿಂತ ಹೆಚ್ಚು ನೀರನ್ನು ಪಕ್ಕದ ಪೈಪಿನಿಂದ ಹೊರಗೆ ಬಿಡುತ್ತದೆ. ಆ ನೀರನ್ನು ನೀಲಿ ಬಕೆಟ್ಟಿನಲ್ಲಿ ಹಿಡಿದು ಗಿಡಕ್ಕೆ ಹಾಕುವ ನನ್ನ ಪದ್ಧತಿಯನ್ನು ಅಸೋಸಿಯೇಷನ್ ಮೀಟಿಂಗಿನಲ್ಲಿ ಚಪ್ಪಾಳೆ ತಟ್ಟಿ ಮೆಚ್ಚಿದ್ದರು. ಹುಡುಗ ಪೆನ್ನಿನಂಥ ಮೀಟರನ್ನು ಕುಡಿಯುವ ನೀರಿಗೆ ಅದ್ದಿದ: 58. ಸುಮ್ಮನೆ ಬಕೆಟ್ಟಿಗೂ ಅದ್ದಿದ: 1,640. ಲೀಟರಿಗೆ ಅಷ್ಟು ಮಿಲಿಗ್ರಾಂ ಕರಗಿದ ಲವಣ. ಕುಡಿಯುವ ನೀರಿನಲ್ಲಿ 500 ದಾಟದಿದ್ದರೆ ಒಳ್ಳೆಯದು ಎನ್ನುತ್ತದೆ ಬಿಐಎಸ್.

"ಇದನ್ನ ಗಿಡಕ್ಕೆ ಹಾಕ್ತೀರಾ ಸಾರ್?" ಎಂದು ಕೇಳಿದ. ದನಿಯಲ್ಲಿ ಕನಿಕರವಿತ್ತು. ಸಸಿಯ ಮೇಲೋ ನನ್ನ ಮೇಲೋ.

ಅಂಚು ಸುಟ್ಟದ್ದು ಆ ಉಪ್ಪಿಗೆ. ತುದಿ ಹಳದಿಯಾದದ್ದು ನೀರಿನ ಕ್ಷಾರಕ್ಕೆ: ಕ್ಷಾರ ಹೆಚ್ಚಾದರೆ ಬುಡದಲ್ಲಿ ಕಬ್ಬಿಣ ಇದ್ದರೂ ಬೀಗ ಬಿದ್ದ ಹಾಗೆ, ಬೇರಿಗೆ ದಕ್ಕುವುದಿಲ್ಲ. ನಾನು ತಂದ ಔಷಧಗಳೂ ಲವಣಗಳೇ. ಉಪ್ಪಾದ ಸಾರಿಗೆ ಇನ್ನೂ ಮೂರು ಥರದ ಉಪ್ಪು ಹಾಕಿದ್ದೆ. "ನೆಲ ಒರೆಸೋಕೆ ಇಟ್ಕೊಳ್ಳಿ ಅಂತ ಜೂನ್‌ನಲ್ಲೇ ಹೇಳಿದ್ದೆ" ಎಂದಳು ಹೆಂಡತಿ. ಹೇಳಿದ್ದಳು.

ಅದೃಷ್ಟಕ್ಕೆ ಹೊರಗೆ ಸೋನೆ ಮಳೆ. ಟ್ರೇಯನ್ನು ಬಾಲ್ಕನಿಯ ಅಂಚಿಗಿಟ್ಟೆ. ಮಳೆನೀರು ಮೇಲಿಂದ ಇಳಿದು ತಳದ ತೂತುಗಳಿಂದ ಎರಡು ದಿನ ತೊಟ್ಟಿಕ್ಕಿತು. ಹದಿನೈದು ದಿನಕ್ಕೆ ಹೊಸ ಚಿಗುರು ಹಸಿರಾಗಿ ಬಂತು. ಸುಟ್ಟ ಅಂಚುಗಳು ಹಾಗೇ ಉಳಿದವು.

ಅಕ್ಟೋಬರಿನಲ್ಲಿ ನವರಾತ್ರಿಗೆ ಅವ್ವ ಬಂದಳು. ಹೊಲದ ಮಣ್ಣನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ತಂದಿದ್ದಳು. ಪತ್ರಾವಳಿಯ ಮೇಲೆ ಮಣ್ಣು ಹರಡಿ, ಗೋಧಿ, ಜೋಳ ಬಿತ್ತಿ, ನಡುವೆ ಮಣ್ಣಿನ ಗಡಿಗೆಯಿಟ್ಟು, ದೇವರ ಕಪಾಟಿನಲ್ಲಿ ಘಟ ಕೂಡ್ರಿಸಿದಳು. ನಾಲ್ಕನೆಯ ದಿನ ಬಾಗಿಲು ಸರಿಸಿ ನೋಡುತ್ತೇನೆ, ಎಲ್ಲ ಸಸಿ ಹಳದಿ! ಬುಡದಿಂದ ತುದಿವರೆಗೆ, ಒಂದೇ ಸಮ. ಇದು ಬೆಳಕಿನ ಕೊರತೆ ಎಂದು ನಿಂತಲ್ಲೇ ಹೇಳುವಷ್ಟು ಈಗ ಕಲಿತಿದ್ದೆ. ಪತ್ರಹರಿತ ತಯಾರಾಗುವ ದಾರಿಯಲ್ಲಿ ಒಂದು ಮೆಟ್ಟಿಲು ಬೆಳಕಿಲ್ಲದೆ ಹತ್ತಲಾಗದ್ದು. ಘಟವನ್ನು ಅಲುಗಿಸುವಂತಿರಲಿಲ್ಲ. ಅವ್ವ ಮಲಗಿದ ಮೇಲೆ ರಾತ್ರಿಯೆಲ್ಲ ನನ್ನ ನಂದಾದೀಪವನ್ನೇ ಕಪಾಟಿನೊಳಗೆ ಇಳಿಬಿಟ್ಟೆ.

ಎರಡು ದಿನಕ್ಕೆ ಅವ್ವ ಕೂಗಿದಳು: "ಏನಿದು ತಮ್ಮಾ, ಹಸರ ಆಗ್ಯಾವಲ್ಲೋ! ಘಟದ ಸಸಿ ಬಂಗಾರದ್ಹಾಂಗ ಇರಬೇಕು. ಇವನ್ನ ಟೊಪಗಿಗೆ ಹ್ಯಾಂಗ ಸಿಗಿಸ್ಕೋತಿ?"

ದೀಪದ ವಿಷಯ ಬಾಯಿಬಿಡಲಿಲ್ಲ. ವಿಜಯದಶಮಿಯ ಸಂಜೆ ಬನ್ನಿ ಕೊಡಲು ಬಂದ ಮೇಲಿನ ಮನೆಯ ಮ್ಯಾನೇಜರಿಗೂ ಅವ್ವ ಅದೇ ದುಃಖ ತೋಡಿಕೊಂಡಳು. ಅವರು ಬಾಗಿಲಲ್ಲೇ ನಿಂತು ಕಪಾಟಿನ ಕಡೆ ಕತ್ತು ನೀಡಿ ನೋಡಿದರು.

"ನೀರು ಜಾಸ್ತಿಯಾಗಿದೆ" ಎಂದರು.