ಹಿಡಿದೂ ಹಿಡಿಯದ ಬ್ರೇಕು

ಪೂರ್ತಿ ಕೆಟ್ಟುಹೋದ ಬ್ರೇಕನ್ನು ರಿಪೇರಿ ಮಾಡುವುದು ಸುಲಭ. ಅದು ಹಿಡಿಯುವುದಿಲ್ಲ ಎಂಬ ವಿಷಯದಲ್ಲಿ ಯಾರಿಗೂ ಭಿನ್ನಾಭಿಪ್ರಾಯ ಇರುವುದಿಲ್ಲ. ಹಿಡಿದೂ ಹಿಡಿಯದ ಹಾಗಿರುವ ಬ್ರೇಕು ಮಾತ್ರ ಒಂದೇ ಮನೆಯೊಳಗೆ ನಾಲ್ಕು ಪಕ್ಷ ಹುಟ್ಟಿಸುತ್ತದೆ. ಶಿಕಾಗೋ ಪಕ್ಕದ ಊರಿನಲ್ಲಿರುವ ನನ್ನ ಭಾಮೈದನ ಟ್ರೇಲರಿನದು ಈ ಎರಡನೆಯ ಜಾತಿ.

ಮಂಡ್ಯದ ಕಡೆ ಕಬ್ಬು ಹೊತ್ತು ಟ್ರ್ಯಾಕ್ಟರಿನ ಹಿಂದೆ ತೂಗಾಡುತ್ತ ಬರುವ ಟ್ರೇಲರನ್ನು ನೆನೆಸಿಕೊಳ್ಳಬೇಡಿ. ಇದು ಪಿಕಪ್ ಗಾಡಿಯ ಬಾಲಕ್ಕೆ ಸಿಕ್ಕಿಸುವ, ಎರಡೇ ಗಾಲಿಯ, ಮೇಲೆ ಸೂರಿಲ್ಲದ ಕಬ್ಬಿಣದ ತೊಟ್ಟಿ. ತೋಟದ ಮಣ್ಣು, ಹಲಗೆ, ಹುಲ್ಲು ಕತ್ತರಿಸುವ ಯಂತ್ರ, ನವೆಂಬರ್ ಬಂತೆಂದರೆ ಕನ್ನಡ ಕೂಟದ ನಾಟಕದ ಸಿಂಹಾಸನ, ಎಲ್ಲವೂ ಅದರಲ್ಲೇ ಸವಾರಿ ಹೊರಡುತ್ತವೆ. ಇಲಿನಾಯ್ ರಾಜ್ಯದಲ್ಲಿ 3000 ಪೌಂಡ್, ಅಂದರೆ ಸುಮಾರು 1360 ಕಿಲೋ ಮೀರಿದ ಟ್ರೇಲರಿಗೆ ಬ್ರೇಕ್ ಇರಲೇಬೇಕು. ಬೇರೆ ಎಷ್ಟೋ ರಾಜ್ಯಗಳಲ್ಲೂ ಗೆರೆ ಎಳೆದಿರುವುದು ಅಲ್ಲೇ. ಹಾಗಾಗಿಯೇ ಅಲ್ಲಿನ ಅಂಗಡಿಗಳಲ್ಲಿ 2990 ಪೌಂಡ್ ಎಂದು ಬಿಲ್ಲೆ ಹೊಡೆಸಿಕೊಂಡು ನಿಂತ ಟ್ರೇಲರುಗಳಿಗೆ ಬರವಿಲ್ಲ. ಕಾನೂನಿಗೆ ಹತ್ತೇ ಪೌಂಡ್ ಈಚೆ ನಿಂತು ನಮಸ್ಕಾರ ಹೇಳುವ ಈ ಜಾಣತನ ನಮ್ಮ ದೇಶದ್ದೇ ಸೊತ್ತು ಎಂದು ನಾನು ತಿಳಿದಿದ್ದೆ. ನಮ್ಮ ಭಾಮೈದ ಅದಕ್ಕೆ ಒಲಿಯದೆ, ಬ್ರೇಕ್ ಇರುವ ಭಾರದ್ದನ್ನೇ ಕೊಂಡ. ಸೆಕೆಂಡ್ ಹ್ಯಾಂಡ್. ಬ್ರೇಕೂ ಸೆಕೆಂಡ್ ಹ್ಯಾಂಡ್.

ಈ ವಿದ್ಯುತ್ ಬ್ರೇಕು ಕೆಲಸ ಮಾಡುವ ಬಗೆ ಕೇಳಿದರೆ ನಿಮಗೆ ಊರು ನೆನಪಾಗದೆ ಇರದು. ಚಾಲಕನ ಮೊಣಕಾಲಿನ ಬಳಿ ಇರುವ ಕಂಟ್ರೋಲರ್ ಎಂಬ ಪುಟ್ಟ ಡಬ್ಬಿಯಿಂದ ಗಾಲಿಯೊಳಗಿನ ಮ್ಯಾಗ್ನೆಟ್ಟಿಗೆ ಕರೆಂಟು ಹೋಗುತ್ತದೆ. ಮ್ಯಾಗ್ನೆಟ್ಟು ತಿರುಗುತ್ತಿರುವ ಡ್ರಮ್ಮಿಗೆ ಅಂಟಿಕೊಳ್ಳಲು ಹೋಗುತ್ತದೆ. ಡ್ರಮ್ಮು ಅದನ್ನು ತುಸು ದೂರ ಎಳೆದೊಯ್ಯುತ್ತದೆ. ಎಳೆದ ರಭಸಕ್ಕೆ ಒಂದು ಸನ್ನೆ ಹೊರಳುತ್ತದೆ, ಸನ್ನೆ ಮುಂದಿನ ಶೂ ಅನ್ನು ನೂಕುತ್ತದೆ, ಮುಂದಿನ ಶೂ ಹಿಂದಿನದನ್ನು ನೂಕುತ್ತದೆ, ಕೊನೆಗೆ ಗಾಲಿ ನಿಧಾನವಾಗುತ್ತದೆ. ಕಚೇರಿಯಲ್ಲಿ ಫೈಲು ನಡೆಯುವ ಕ್ರಮ ಇದೇ ತಾನೆ? ಮೇಲಿನವರು ಸಹಿ ಹಾಕಿದರು ಎಂದು ಕೆಲಸ ಆಗುವುದಿಲ್ಲ. ಅಲ್ಲಿಂದ ಕೆಳಗೆ ಒಬ್ಬರು ಇನ್ನೊಬ್ಬರನ್ನು ನೂಕುತ್ತ ಬರಬೇಕು. ನಡುವೆ ಎಲ್ಲಿ ಯಾರು ಕೈಬಿಟ್ಟರೂ ನಿಮ್ಮ ಕೈಗೆ ಬರುವುದು ಅರ್ಧ ಬ್ರೇಕು.

ಯಾರು ಕೈಬಿಟ್ಟರು ಎಂಬುದರ ಮೇಲೆ ಚರ್ಚೆ ಶುರುವಾಯಿತು. ಭಾಮೈದ ಸಾಫ್ಟ್‌ವೇರ್ ಮನುಷ್ಯ. "ಸೆಟ್ಟಿಂಗ್ಸ್ ಇರಬೇಕು ಭಾವ" ಎಂದು ಕಂಟ್ರೋಲರಿನ ಗೇನ್, ಅಂದರೆ ಬ್ರೇಕಿಗೆ ಹೋಗುವ ಕರೆಂಟಿನ ಪ್ರಮಾಣ, ಏರಿಸಿದ. ಖಾಲಿ ರಸ್ತೆಯಲ್ಲಿ ಗಂಟೆಗೆ 25 ಮೈಲಿ ವೇಗದಲ್ಲಿ ಹೋಗುತ್ತ ಆ ಡಬ್ಬಿಯ ಸನ್ನೆಯನ್ನು ಕೈಯಿಂದ ಒತ್ತಿದರೆ, ಟ್ರೇಲರು ಗಾಲಿ ಕಚ್ಚಿಕೊಳ್ಳದೆ ಪಿಕಪ್ಪನ್ನು ಹಿಂದಕ್ಕೆ ಜಗ್ಗಬೇಕು. ಒತ್ತಿದ. ಹಿಂದಿನಿಂದ ಬಂದದ್ದು ಒಂದು ಸಣ್ಣ ಆಕ್ಷೇಪಣೆಯಷ್ಟೆ. ಗೇನ್ ಕೊನೆಯ ಅಂಕಿಗೆ ಹೋಗಿ ನಿಂತಿತು. ಅದರಾಚೆ ಏರಿಸಲು ಅಂಕಿ ಇರಲಿಲ್ಲ. ಪಕ್ಕದ ಮನೆಯಲ್ಲಿದ್ದ ನಿವೃತ್ತ ರೈತ, ಎಂಬತ್ತರ ಹತ್ತಿರದವರು, ಬೇಲಿಯ ಆಚೆಯಿಂದಲೇ ಶೂ ಸಡಿಲವಾಗಿದೆ ಎಂದು ತೀರ್ಪು ಕೊಟ್ಟರು. ದೇವಸ್ಥಾನದಲ್ಲಿ ಸಿಕ್ಕ ಸ್ನೇಹಿತರು ಪ್ರಸಾದದ ಪುಳಿಯೋಗರೆ ತಿನ್ನುತ್ತ ಮ್ಯಾಗ್ನೆಟ್ ಸವೆದಿದೆ ಎಂದರು. ಟ್ರೇಲರನ್ನು ಅವರು ನೋಡಿಯೂ ಇರಲಿಲ್ಲ. ನನ್ನ ಹೆಂಡತಿ ತಮ್ಮನಿಗೆ, "ಮಾರಿಬಿಡೋ, ಅಮ್ಮ ಇದ್ದಿದ್ರೆ ಇದನ್ನ ಮನೆ ಮುಂದೆ ನಿಲ್ಸೋಕೂ ಬಿಡ್ತಿರ್ಲಿಲ್ಲ" ಎಂದಳು. ತಾಂತ್ರಿಕವಾಗಿ ಅದೂ ಒಂದು ಪರಿಹಾರವೇ.

ಆಯುಷ್ಯವೆಲ್ಲ ಭೌತಶಾಸ್ತ್ರದ ಪಾಠ ಮಾಡಿದ ನನಗೆ ಓಮನ ನಿಯಮ ಬಿಟ್ಟು ಬೇರೆ ದೇವರಿಲ್ಲ. ಈ ಅಳತೆಯ ಮ್ಯಾಗ್ನೆಟ್ಟು 12 ವೋಲ್ಟಿನಲ್ಲಿ ಒಂದೊಂದಕ್ಕೆ ಸುಮಾರು 3 ಆಂಪಿಯರ್ ಕುಡಿಯುತ್ತದೆ. ಎರಡು ಗಾಲಿಗೆ 6. ಟ್ರೇಲರಿನ ಏಳು ಕಡ್ಡಿಯ ಪ್ಲಗ್ಗಿನಲ್ಲಿ ಬ್ರೇಕಿನ ನೀಲಿ ತಂತಿಗೂ ಅರ್ಥಿನ ಬಿಳಿ ತಂತಿಗೂ ಬ್ಯಾಟರಿ ಕೊಟ್ಟು, ನಡುವೆ ಅಮ್ಮೀಟರ್ ಇಟ್ಟೆವು. ಮುಳ್ಳು ಮೂರರ ಆಸುಪಾಸಿನಲ್ಲಿ ಸುಸ್ತಾಗಿ ಕೂತಿತು. ಒಂದು ಮ್ಯಾಗ್ನೆಟ್ ಸತ್ತಿದೆಯೋ, ಎರಡೂ ಅರ್ಧ ಹೊಟ್ಟೆಯಲ್ಲಿವೆಯೋ? ಗಾಲಿಗಳ ಹತ್ತಿರ ಬಿಡಿಬಿಡಿಯಾಗಿ ಅಳೆದರೆ ಎರಡೂ ಅರ್ಧ ಹೊಟ್ಟೆ. ಅಂದರೆ ತೊಂದರೆ ಇಬ್ಬರಿಗೂ ಸೇರಿದ ದಾರಿಯಲ್ಲಿ. ಬಿಳಿ ತಂತಿಯ ಜಾಡು ಹಿಡಿದು ಹೋದರೆ, ಅದನ್ನು ಚೌಕಟ್ಟಿನ ಬಣ್ಣದ ಮೇಲೆಯೇ ಒಂದು ಸ್ಕ್ರೂ ಹೊಡೆದು ಕೂರಿಸಿದ್ದರು. ಶಿಕಾಗೋದಲ್ಲಿ ಚಳಿಗಾಲ ಪೂರ್ತಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪುನೀರು ಕುಡಿದು ತಾಮ್ರ ಹಸಿರು ಪುಡಿಯಾಗಿತ್ತು. ಉಜ್ಜಿ, ಬಣ್ಣ ಕೆರೆದು, ಹೊಸ ತುದಿ ಹಾಕಿ ಬಿಗಿದೆವು. ಮುಳ್ಳು ಆರರ ಹತ್ತಿರ ಬಂತು. ನಾನು ಗಂಭೀರವಾಗಿ ಕೈ ತೊಳೆದುಕೊಂಡೆ.

ರಸ್ತೆಗೆ ಹೋದರೆ ಸುಧಾರಿಸಿದೆ, ಆದರೆ ಸಾಲದು. ಓಮ್ ಸಾಹೇಬರ ಅಧಿಕಾರ ಅಲ್ಲಿಗೆ ಮುಗಿದು, ಬೇಲಿಯಾಚೆಯವರ ಸರದಿ ಬಂತು. ಅವರು ಜಾಕ್ ಹಾಕಿಸಿ, ಹಿಂದಿನ ತಟ್ಟೆಯ ರಬ್ಬರ್ ಬಿರಡೆ ಕಿತ್ತು, ಆ ಸೀಳಿನಲ್ಲಿ ಬಾಗಿದ ಕಡ್ಡಿ ತೂರಿಸಿ ಒಳಗಿನ ಹಲ್ಲಿನ ಪುಟ್ಟ ಚಕ್ರವನ್ನು ಮೀಟಿದರು. ಗಾಲಿ ತಿರುಗದಷ್ಟು ಬಿಗಿಯಾಗುವವರೆಗೆ ಮೀಟಿ, ಆಮೇಲೆ ಶೂ ತುಸುವೇ ಸವರುವಷ್ಟು ಹಿಂದಕ್ಕೆ. 3000 ಮೈಲಿಗೊಮ್ಮೆ ಹೀಗೆ ಮಾಡಬೇಕೆಂದು ಆಕ್ಸಲಿನ ಕೈಪಿಡಿಯಲ್ಲೇ ಇದೆ. ಹಿಂದಿನ ಮಾಲೀಕರು ಕೈಪಿಡಿಯನ್ನು ಹೊಚ್ಚಹೊಸದಾಗಿ, ಪ್ಲಾಸ್ಟಿಕ್ ಚೀಲವನ್ನೂ ಬಿಚ್ಚದೆ ಕೊಟ್ಟಿದ್ದರು.

ಇನ್ನೊಂದು ಸುತ್ತು ಹೊಡೆದು ಬಂದು ಬೇಲಿಯಾಚೆಯವರು ಎರಡೂ ಡ್ರಮ್ಮಿನ ಬಳಿ ಕೈ ಹಿಡಿದರು. ಎಡಗಡೆಯದು ಬಿಸಿ. ಬಲಗಡೆಯದು ತಣ್ಣಗೆ. ಇಷ್ಟು ಅಗ್ಗದ ಪರೀಕ್ಷೆ ನನ್ನ ಯಾವ ಪ್ರಯೋಗಾಲಯದಲ್ಲೂ ಇರಲಿಲ್ಲ. ಬಲ ಡ್ರಮ್ ಬಿಚ್ಚಿದರೆ ಒಳಗೆ ಗ್ರೀಸಿನ ಅಭ್ಯಂಜನ! ಬೇರಿಂಗಿಗೆ ಗ್ರೀಸ್ ತುಂಬಲು ಆಕ್ಸಲಿನ ತುದಿಯಲ್ಲೊಂದು ಮೂತಿ ಇರುತ್ತದೆ. ಯಾರೋ ಪುಣ್ಯಾತ್ಮರು ಗ್ರೀಸ್ ಗನ್ ಹಿಡಿದು ಕೈ ಸೋಲುವವರೆಗೆ ಒತ್ತಿದ್ದಾರೆ. ಹಿಂದಿನ ಸೀಲು ಸೋತು, ಗ್ರೀಸು ಶೂಗಳಿಗೂ ಮ್ಯಾಗ್ನೆಟ್ಟಿಗೂ ಹರಿದಿದೆ. ಗ್ರೀಸ್ ಕುಡಿದ ಶೂ ತೊಳೆದರೆ ಬರುವುದಿಲ್ಲ, ಬಿಸಾಡಬೇಕು.

ಹೊಸ ಸೀಲುಗಳ ಜೊತೆ, ತಟ್ಟೆ ಸಮೇತ ಜೋಡಿಸಿದ ಬ್ರೇಕುಗಳು ಎಡಕ್ಕೊಂದು ಬಲಕ್ಕೊಂದು ಬಂದವು. ಒಂದೇ ಕಡೆ ಹೊಸದು ಹಾಕಿದರೆ ಗಾಡಿ ಒಂದೇ ಪಕ್ಕಕ್ಕೆ ಎಳೆಯುತ್ತದೆ. ನಾಲ್ಕು ನಾಲ್ಕು ಬೋಲ್ಟು, ಎರಡೆರಡು ತಂತಿ. ಭಾಮೈದ ಬಿಗಿದು ಮುಗಿಸುವ ಹೊತ್ತಿಗೆ ಕಾಫಿ ತಂದ ಅವನ ಅಕ್ಕ, "ಏನೋ ಇದು, ಆ ಕಡೆ ಗಿಡ್ಡ ಪಟ್ಟಿ ಮುಂದಿದೆ, ಈ ಕಡೆ ಹಿಂದಿದೆ?" ಎಂದಳು. ತಕ್ಷಣ ಯಾರೂ ಮಾತಾಡಲಿಲ್ಲ. ಎಡದ ಪೆಟ್ಟಿಗೆಯಲ್ಲೂ ಬಲದ್ದನ್ನೇ ಇಟ್ಟು ಕಳಿಸಿದ್ದರು. ಗಿಡ್ಡ ಪಟ್ಟಿಯ ಶೂ ಎರಡು ಕಡೆಯೂ ಮುಂದಕ್ಕೇ ಇರಬೇಕು. ಅದು ಹಿಂದಾದರೆ ಶೂ ಶೂವನ್ನು ನೂಕುವ ಉಪಕಾರ ನಿಂತುಹೋಗಿ, ಹೊಚ್ಚಹೊಸ ಬ್ರೇಕೂ ಹಳೆಯದರಂತೆಯೇ ಕೆಲಸ ಮಾಡುತ್ತದೆ. ಟ್ರೇಲರ್ ಮಾರಲು ಹೇಳಿದವಳಿಂದಲೇ ಅದು ಉಳಿಯಿತು.

ಬದಲಿ ಬಂತು, ಹಾಕಿದೆವು. ಆದರೂ ಹೊಸ ಶೂ ಡ್ರಮ್ಮಿಗೆ ಒಗ್ಗಬೇಕಲ್ಲ? ಅದಕ್ಕೆ 40 ಮೈಲಿಯಿಂದ 20ಕ್ಕೆ ಇಳಿಸುವುದು, ತಣಿಯಲು ಬಿಡುವುದು, ಮತ್ತೆ 40ಕ್ಕೆ ಏರಿಸುವುದು, ಹೀಗೆ ಇಪ್ಪತ್ತು ಸಲವಾದರೂ ಮಾಡಬೇಕು. ಜೋಳದ ಹೊಲಗಳ ನಡುವಿನ ನೆಟ್ಟನೆಯ ರಸ್ತೆಯಲ್ಲಿ ಕಾರಣವಿಲ್ಲದೆ ಓಡಿ, ಕಾರಣವಿಲ್ಲದೆ ನಿಧಾನಿಸುವ ನಮ್ಮನ್ನು ಕಂಡು, ಹಿಂದೆ ಬಂದ ಟ್ರ್ಯಾಕ್ಟರಿನವನು ಬಹಳ ದೂರ ಉಳಿದುಬಿಟ್ಟ.

ಈಗ ಬ್ರೇಕು ಹಿಡಿಯುತ್ತದೆ. ಗೇನ್ ಮಧ್ಯದ ಅಂಕಿಯಲ್ಲಿದೆ. ಅಮೆರಿಕದಲ್ಲಿ ಹಳೆಯ ಟ್ರೇಲರ್ ಕೊಳ್ಳಲು ಹೊರಟ ಕನ್ನಡಿಗರು ಯಾರಾದರೂ ಇದನ್ನು ಓದುತ್ತಿದ್ದರೆ, ಬೆಲೆ ಮಾತಾಡುವ ಮೊದಲು ಬಿಳಿ ತಂತಿ ನೋಡಿ, ಎರಡೂ ಡ್ರಮ್ ಬಿಚ್ಚಿಸಿ. ಕೊಂಡಿ ಕಳಚಿದರೆ ಬ್ರೇಕ್ ಹಾಕಲೆಂದು ಮುಂಭಾಗದಲ್ಲಿ ಹಗ್ಗ ಕಟ್ಟಿದ ಸಣ್ಣ ಪಿನ್ ಒಂದಿರುತ್ತದೆ, ಅದನ್ನೂ ಎಳೆದು ನೋಡಿ. ನಮ್ಮದರಲ್ಲಿ ಅದರ ಬ್ಯಾಟರಿಯೂ ಸತ್ತಿತ್ತು.